ಫಾಯಿಲ್ ಸುತ್ತದ ಪ್ಲೇಟ್

ಇ. ಕೋಲಿ ಬ್ಯಾಕ್ಟೀರಿಯಾದ ಎರಡು ತಳಿಗಳಿಗೆ ಯುವಿ (ನೇರಳಾತೀತ) ಬೆಳಕು ಕೊಟ್ಟಿದ್ದೆ. ಒಂದು ಮಾಮೂಲಿ ತಳಿ, ಇನ್ನೊಂದು ರೆಕ್‌ಎ ಎಂಬ ಡಿಎನ್‌ಎ ರಿಪೇರಿ ಪ್ರೊಟೀನ್ ಇಲ್ಲದ್ದು. ಎರಡನೆಯದು ಹೆಚ್ಚುಕಡಿಮೆ ಖಾಲಿ ಇರಬೇಕಿತ್ತು. ಬೆಳಿಗ್ಗೆ ಇನ್‌ಕ್ಯುಬೇಟರ್ ತೆರೆದರೆ ಪ್ಲೇಟ್ ತುಂಬಾ ಕಾಲೊನಿ!

ಯುವಿ ಬಿದ್ದರೆ ಡಿಎನ್‌ಎಯಲ್ಲಿ ಅಕ್ಕಪಕ್ಕದ ಥೈಮಿನ್ ಅಕ್ಷರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಡಿಎನ್‌ಎ ನಕಲಾಗುವಾಗ ಆ ಜಾಗ ದಾಟಲಾಗದೆ ಹೊಸ ಎಳೆಯಲ್ಲಿ ತೂತು ಉಳಿಯುತ್ತದೆ. ಅಲ್ಲಿನ ಒಂಟಿ ಎಳೆಗೆ ರೆಕ್‌ಎ ಸಾಲಾಗಿ ಸುತ್ತಿಕೊಳ್ಳುತ್ತದೆ. ಅದೇ ಅಕ್ಷರಸಾಲು ಇರುವ ಇನ್ನೊಂದು ಪ್ರತಿಯನ್ನು ಹುಡುಕಿ ಜೊತೆಗೂಡಿಸುತ್ತದೆ. ಆ ಪ್ರತಿ ನೋಡಿಕೊಂಡೇ ತೂತು ತುಂಬುತ್ತದೆ. ಎಷ್ಟು ಸಲ ಓದಿದರೂ ನನಗೆ ಇದು ಬೆರಗು. ರೆಕ್‌ಎ ಇಲ್ಲದಿದ್ದರೆ ಇದೂ ಇಲ್ಲ, ಎಸ್‌ಒಎಸ್ ಎಂಬ ತುರ್ತು ರಿಪೇರಿ ವ್ಯವಸ್ಥೆ ಕೂಡ ಶುರುವಾಗುವುದಿಲ್ಲ. ಹಾಗಿದ್ದರೆ ಇವು ಬದುಕಿದ್ದು ಹೇಗೆ?

ಮೀಟಿಂಗ್‌ನಲ್ಲಿ, "ಗ್ಲಿಸರಾಲ್ ಸ್ಟಾಕ್ ಅದಲುಬದಲಾಗಿದೆ" ಅಂದುಬಿಟ್ಟೆ. ಸ್ಟಾಕ್, ಅಂದರೆ ಫ್ರೀಜರ್‌ನಲ್ಲಿ ಕಾಪಿಟ್ಟ ತಳಿಗಳನ್ನು, ನೋಡಿಕೊಳ್ಳುವವಳು ಯಾರು ಅಂತ ಎಲ್ಲರಿಗೂ ಗೊತ್ತಿತ್ತು. ಅವಳು ತಲೆ ತಗ್ಗಿಸಿ ನೋಟ್‌ಬುಕ್ ತಿರುವಿದಳು. ಯಾರೂ ಮಾತಾಡಲಿಲ್ಲ. ಆ ಎರಡು ನಿಮಿಷ ಈಗಲೂ ಚುಚ್ಚುತ್ತದೆ. ಆಮೇಲೆ ಮೆಲ್ಲಗೆ ಕೇಳಿದಳು: "ಸರ್, ಯುವಿ ಆದ ಮೇಲೆ ಫಾಯಿಲ್ ಸುತ್ತಿದ್ರಾ?"

ಸುತ್ತಿರಲಿಲ್ಲ. ಫೋನ್ ಬಂತು ಅಂತ ಪ್ಲೇಟ್‌ಗಳನ್ನು ಕಿಟಕಿ ಪಕ್ಕದ ಬೆಂಚ್ ಮೇಲಿಟ್ಟು ಹೋಗಿದ್ದೆ. ಮುಕ್ಕಾಲು ಗಂಟೆ ಬಿಸಿಲು ಬಿದ್ದಿತ್ತು. ಇ. ಕೋಲಿಯಲ್ಲಿ ಫೋಟೊಲಯೇಸ್ ಎಂಬ ಕಿಣ್ವ ಇದೆ. ನೀಲಿ ಬೆಳಕು ಸಿಕ್ಕರೆ ಸಾಕು, ಅಂಟಿಕೊಂಡ ಥೈಮಿನ್‌ಗಳನ್ನು ಅದು ನೇರವಾಗಿ ಬಿಡಿಸಿಬಿಡುತ್ತದೆ. ಅದಕ್ಕೆ ರೆಕ್‌ಎ ಬೇಕಿಲ್ಲ, ಇನ್ನೊಂದು ಪ್ರತಿಯೂ ಬೇಕಿಲ್ಲ. ನಾನು ಅಳೆಯಲು ಹೊರಟಿದ್ದು ಒಂದು ರಿಪೇರಿ, ಅಳೆದದ್ದು ಇನ್ನೊಂದು. ಇಷ್ಟು ವರ್ಷ ಈ ಕೆಲಸ ಮಾಡಿದವನಿಗೆ ಇದು ಮೊದಲೇ ಹೊಳೆಯಬೇಕಿತ್ತು ಅಲ್ವಾ?

ಅದೇ ಸ್ಟಾಕ್‌ನಿಂದ ಮತ್ತೆ ಮಾಡಿದೆ. ಈ ಸಲ ಬರೀ ಹಳದಿ ಬೆಳಕಲ್ಲಿ ಕೆಲಸ, ತಕ್ಷಣ ಫಾಯಿಲ್. ಮಾಮೂಲಿ ತಳಿ ಚೆನ್ನಾಗಿ ಬೆಳೆಯಿತು. ರೆಕ್‌ಎ ಇಲ್ಲದ್ದರಲ್ಲಿ 3 ಕಾಲೊನಿ. ಹಳದಿ ಬಲ್ಬ್ ಅವಳದ್ದೇ, ಎರವಲು ತಂದದ್ದು. ಲ್ಯಾಬ್‌ಗೆ ಒಂದು ಬೇಕು ಅಂತ ನಾವು ಕೊಟ್ಟ ಅರ್ಜಿ ಆಫೀಸಿನಲ್ಲಿ ಸುಮ್ನೆ ಬಿದ್ದಿದೆ. ಬಲ್ಬ್ ಕೊಡಿಸುವುದು ಅಷ್ಟು ಕಷ್ಟವಾ?

ಮುಂದಿನ ಮೀಟಿಂಗ್‌ನಲ್ಲಿ ಎರಡೂ ಪ್ಲೇಟ್ ಮೇಜಿನ ಮೇಲಿಟ್ಟೆ. ತಪ್ಪು ನನ್ನದು ಅಂತ ಎಲ್ಲರೆದುರು ಹೇಳಿ ಅವಳ ಕ್ಷಮೆ ಕೇಳಿದೆ. ಅವಳು ಪ್ಲೇಟ್ ಎತ್ತಿ ಬೆಳಕಿಗೆ ಹಿಡಿದು, ಆ ಮೂರು ಕಾಲೊನಿಯನ್ನು ಮತ್ತೊಮ್ಮೆ ಎಣಿಸಿದಳು.