ಆಸ್ಪತ್ರೆ ಮಾಡ್ತೆ ಹೇಳ್ದವ್ರ ಬಟನ್ ಯಾವ್ದು?

2022ರ ಜುಲೈನಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬ್ಯುಲೆನ್ಸ್ ಉಡುಪಿ ಜಿಲ್ಲೆಯ ಶಿರೂರು ಟೋಲ್‌ಗೇಟಿನಲ್ಲಿ ಪಲ್ಟಿಯಾಗಿ ನಾಲ್ಕು ಜನ ಸತ್ತರು. ಆ ವಿಡಿಯೋ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಉತ್ತರ ಕನ್ನಡಕ್ಕೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅನ್ನೋದು ಹಳೇ ಬೇಡಿಕೆ, ಆದರೆ ಆಗ ಎದ್ದ ಸಿಟ್ಟೇ ಬೇರೆ. ಆಸ್ಪತ್ರೆ ಇಲ್ಲ ಅಂದ್ರೆ ವೋಟೂ ಇಲ್ಲ ಅನ್ನೋ ಮಾತು ನಮ್ಮ ಕಡೆ ಎಲ್ಲರ ಮೊಬೈಲಲ್ಲೂ ಓಡಾಡಿತು.

ಆ ಸಿಟ್ಟು ನನಗೂ ಇದೆ. ತಲೆಗೆ ಜೋರು ಪೆಟ್ಟು ಬಿದ್ದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲಾ ಗೋವಾ. ಆದರೆ ಅದಕ್ಕಾಗಿ ವೋಟು ಹಾಕದೇ ಮನೆಯಲ್ಲಿ ಕೂರೋದನ್ನು ಮಾತ್ರ ನಾನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪೋದಿಲ್ಲ.

ಮರುವರ್ಷ ಮೇ 10, ಬುಧವಾರ, ವಿಧಾನಸಭೆ ಚುನಾವಣೆ. ಕುಮಟಾ ಹತ್ತಿರ ನಮ್ಮೂರ ಶಾಲೆಯಲ್ಲಿ ಬೂತ್. ಬೆಳಿಗ್ಗೆಯೇ ವಿಪರೀತ ಸೆಕೆ, ಸಾಲು ಗೇಟಿನ ತನಕ. ನನ್ನ ಮುಂದೆ ಪಕ್ಕದ ಮನೆ ಅಕ್ಕ, ತಲೆಯಲ್ಲಿ ಅಬ್ಬಲಿಗೆ ದಂಡೆ, ಕೈಯಲ್ಲಿ ವೋಟರ್ ಸ್ಲಿಪ್. ಬೆವರಿಗೆ ಸ್ಲಿಪ್ ಒದ್ದೆಯಾಗಿ ನಂಬರೇ ಅಳಿಸಿಹೋಗುತ್ತೋ ಅಂತ ಅದನ್ನು ಎರಡು ಬೆರಳಲ್ಲಿ ತುದಿ ಹಿಡಿದುಕೊಂಡು ನಿಂತಿದ್ದರು. ಅವರ ತಮ್ಮನನ್ನು ಮಣಿಪಾಲಕ್ಕೆ ಒಯ್ಯುವಾಗ ಬೈಂದೂರು ದಾಟೋ ಹೊತ್ತಿಗೆ ಜೀವ ಹೋಗಿತ್ತು.

ಸುತ್ತಮುತ್ತ ಬರೀ ಮುಖ್ಯಮಂತ್ರಿ ಯಾರಾಗ್ತಾರೆ ಅನ್ನೋ ಚರ್ಚೆ. ಅಕ್ಕ ಸುಮ್ನೆ ಕೇಳಿಸಿಕೊಳ್ಳುತ್ತಿದ್ದವರು ನನ್ನ ಕಡೆ ತಿರುಗಿ, "ಆಸ್ಪತ್ರೆ ಮಾಡ್ತೆ ಹೇಳ್ದವ್ರ ಬಟನ್ ಯಾವ್ದು ತಮಾ?" ಅಂದರು.

ಸಾಲಿನಲ್ಲಿ ನಿಂತು ಇಂಥವರಿಗೆ ಹಾಕಿ ಅನ್ನೋಕೆ ಆಗಲ್ಲ, ಹೇಳೋ ಮನಸ್ಸೂ ನನಗಿಲ್ಲ. "ಎಲ್ಲರೂ ಮಾಡ್ತೆ ಅಂದವರೇ ಅಕ್ಕಾ" ಅಂದೆ. ಅಷ್ಟೇ ಬಾಯಿಗೆ ಬಂದಿದ್ದು. ಆದರೆ ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಆ ಯಂತ್ರದ ಮೇಲೆ ಮುಖ್ಯಮಂತ್ರಿಯ ಬಟನ್ ಇರಲ್ಲ, ಆಸ್ಪತ್ರೆಯದ್ದೂ ಇರಲ್ಲ. ನಮ್ಮ ಕ್ಷೇತ್ರಕ್ಕೆ ನಿಂತವರ ಹೆಸರು, ಕೊನೆಗೆ ನೋಟಾ, ಅಂದರೆ ಇವರಲ್ಲಿ ಯಾರೂ ಬೇಡ ಅನ್ನೋ ಬಟನ್. ನೋಟಾಕ್ಕೆ ಎಷ್ಟೇ ವೋಟು ಬೀಳಲಿ, ಅಭ್ಯರ್ಥಿಗಳಲ್ಲಿ ಜಾಸ್ತಿ ತೆಗೆದುಕೊಂಡವರೇ ಗೆಲ್ಲೋದು. ನಾವು ಆರಿಸೋದು ಒಬ್ಬ ಎಂಎಲ್ಎಯನ್ನು. ಮುಖ್ಯಮಂತ್ರಿ ಯಾರು ಅಂತ ಆಮೇಲೆ ಗೆದ್ದವರು ಮತ್ತು ಅವರ ಪಕ್ಷ ತೀರ್ಮಾನಿಸುತ್ತೆ. ಆ ಸಲವೂ 13ಕ್ಕೆ ಫಲಿತಾಂಶ ಬಂದರೂ ಸಿದ್ದರಾಮಯ್ಯ ಪ್ರಮಾಣವಚನ ತೆಗೆದುಕೊಂಡಿದ್ದು 20ಕ್ಕೆ. ಆಸ್ಪತ್ರೆಗೆ ದುಡ್ಡು ಬರಬೇಕಾದದ್ದು ಬಜೆಟಿನಿಂದ, ಅದನ್ನು ಬಿಡದೆ ಕೇಳಬೇಕಾದವರು ಈ ಜಿಲ್ಲೆಯ ಆರು ಜನ ಎಂಎಲ್ಎಗಳು. ವಿಧಾನಸಭೆಯ 224ರಲ್ಲಿ ಆರು ಏನು ಮಹಾ ಅನ್ನೋರಿದ್ದಾರೆ. ಕೇಳೋಕೆ ನಮಗೆ ಬೇರೆ ಯಾರಿದ್ದಾರೆ?

ಫಲಿತಾಂಶ ನೋಡಿ. 2018ರಲ್ಲಿ ಜಿಲ್ಲೆಯಲ್ಲಿ ಬಿಜೆಪಿಗೆ ನಾಲ್ಕು, ಕಾಂಗ್ರೆಸ್ಸಿಗೆ ಎರಡು. 2023ರಲ್ಲಿ ಪೂರ್ತಿ ಉಲ್ಟಾ. ಶಿರಸಿಯಲ್ಲಿ ಸ್ಪೀಕರ್ ಆಗಿದ್ದ ವಿಶ್ವೇಶ್ವರ ಹೆಗಡೆ ಕಾಗೇರಿಯವರೇ ಸೋತರು. ನಮ್ಮ ಕುಮಟಾದಲ್ಲಿ ಬಿಜೆಪಿಯ ದಿನಕರ ಶೆಟ್ಟಿ ಜೆಡಿಎಸ್‌ನ ಸೂರಜ್ ನಾಯ್ಕ ಸೋನಿ ಎದುರು ಗೆದ್ದಿದ್ದು ಏಳುನೂರಕ್ಕೂ ಕಡಿಮೆ ವೋಟಿನಲ್ಲಿ. ಆಗ ಒಂದು ಬೂತಿಗೆ 1500 ಮತದಾರರವರೆಗೂ ಇರಬಹುದಿತ್ತು. ಅಂದರೆ ಅಂಥದೊಂದು ಬೂತಿನ ಅರ್ಧಕ್ಕಿಂತ ಕಡಿಮೆ ಜನ! ಒಂದೆರಡು ಊರಿನವರು ಸಿಟ್ಟು ಮಾಡಿಕೊಂಡು ಮನೆಯಲ್ಲಿ ಕೂತಿದ್ದರೆ, ಆಸ್ಪತ್ರೆ ಅಂದರೆ ತಲೆಕೆಡಿಸಿಕೊಳ್ಳದ ಉಳಿದವರು ನಮ್ಮ ಪರವಾಗಿ ತೀರ್ಮಾನ ಮಾಡಿಬಿಡುತ್ತಿದ್ದರು, ಅಲ್ವಾ? ಗೆದ್ದವರಿಗೂ ಈ ಲೆಕ್ಕ ಗೊತ್ತಿರುತ್ತೆ. ಇಷ್ಟು ಕಡಿಮೆ ಅಂತರದಲ್ಲಿ ಗೆದ್ದವರು ಯಾವ ಪಕ್ಷದವರೇ ಆಗಲಿ, ಐವತ್ತು ಜನ ಒಟ್ಟಾಗಿ ಬಾಗಿಲಿಗೆ ಬಂದರೆ ಹೊರಗೆ ಬಂದು ಮಾತಾಡಲೇಬೇಕು.

ಎಣಿಕೆಯ ದಿನ ಶನಿವಾರ ಮಧ್ಯಾಹ್ನ ಅಕ್ಕ ಬೇಲಿ ಹತ್ತಿರ ಬಂದು ಯಾರು ಬಂದ್ರು ಅಂತ ಕೇಳಿದರು. ಹೇಳಿದೆ. ಅವರು ಹಾಕಿದ್ದು ಯಾರಿಗೋ, ನಾನು ಕೇಳಲಿಲ್ಲ.

"ಹಂಗಾದ್ರೆ ಅವ್ರ ಮನೆಗೆ ಯಾವಾಗ ಹೋಗ್ವ?" ಅಂದರು.