ಗೂಡಿನ ಬಣ್ಣದ ಕುಚ್ಚು

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆಗಳ ಬೀದಿ ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಸಿಗುತ್ತದೆ. ಬಿಸಿನೀರಿನಲ್ಲಿ ಬೆಂದ ಹುಳದ ವಾಸನೆ ಅದು. ಊರಿನವರು ಅದರಲ್ಲೇ ತಿಂಡಿ ತಿನ್ನುತ್ತಾರೆ, ಕಾಫಿ ಕುಡಿಯುತ್ತಾರೆ. ದುಪಟ್ಟಾದ ಅಂಚನ್ನು ಮೂಗಿಗೆ ಒತ್ತಿಕೊಂಡಿದ್ದ ತಂಗಿ, ಮೊದಲ ಮನೆಯ ಬಾಗಿಲಲ್ಲಿ ಗೂಡಿನ ರಾಶಿ ಕಂಡದ್ದೇ ತಡ, ದುಪಟ್ಟಾ ಬಿಟ್ಟು ಎರಡೂ ಕೈ ಬೊಗಸೆ ಮಾಡಿ ಗೂಡು ತುಂಬಿಕೊಂಡಳು. ಪೂರಾ ಅರಿಶಿನವಲ್ಲ, ಪೂರಾ ಚಿನ್ನವಲ್ಲ. ಅರಿಶಿನಕ್ಕೆ ಒಂದು ಚಮಚ ಕೆನೆ ಬೆರೆಸಿದ ಹಾಗಿನ ಹಳದಿ.

"ಅಕ್ಕಾ, ನನ್ನ ಸೀರೆಗೆ ಇದೇ ಬಣ್ಣದ ಕುಚ್ಚು ಬೇಕು."

ಇಡೀ ದಿನ ಆ ಒಂದು ಮಾತಿನ ಹಿಂದೆ ಹೋಯಿತು.

ತಂಗಿ ಅಂದರೆ ಚಿಕ್ಕಮ್ಮನ ಮಗಳು. ಅವಳ ಕೈಚೀಲದಲ್ಲಿ ಯಾವಾಗಲೂ ಒಂದು ಬ್ಲೌಸ್ ಪೀಸಿನ ತುಂಡು ಇರುತ್ತದೆ. ಓಲೆ, ಕ್ಲಿಪ್ಪು, ಬಳೆ, ಚಪ್ಪಲಿಯ ಪಟ್ಟಿ, ಯಾವುದನ್ನೇ ಕೊಳ್ಳಲಿ, ಆ ತುಂಡಿನ ಪಕ್ಕ ಇಟ್ಟು ನೋಡದೆ ದುಡ್ಡು ತೆಗೆಯುವವಳಲ್ಲ. ಈ ಸಲದ್ದು ಬಾಟಲ್ ಗ್ರೀನ್ ಸೀರೆ, ಗೆಳತಿಯ ಮದುವೆಗೆ. ಕುಚ್ಚು ನಾನೇ ಕಟ್ಟುವುದು, ನೂಲು ಮಾತ್ರ ತರಬೇಕು. ರೇಷ್ಮೆ ಊರಿಗೇ ಹೋದರೆ ಅಸಲಿ ರೇಷ್ಮೆ ನೂಲೇ ಸಿಗುತ್ತದೆ ಅನ್ನುವುದು ಇಬ್ಬರ ಲೆಕ್ಕ. ಬೆಂಗಳೂರಿನಿಂದ ಕೋಲಾರದ ಕಡೆ ಹೋಗುವ ರೈಲು ಹಿಡಿದೆವು. ಯಲಹಂಕ, ದೇವನಹಳ್ಳಿ, ನಂದಿ ಹಾಲ್ಟ್, ಚಿಕ್ಕಬಳ್ಳಾಪುರ ದಾಟಿದರೆ ಶಿಡ್ಲಘಟ್ಟ. ನಂದಿ ಬೆಟ್ಟವನ್ನು ಕಿಟಕಿಯಲ್ಲೇ ನೋಡಿ ಮುಗಿಸಿದೆವು.

ಗೂಡಿನ ಮಾರುಕಟ್ಟೆಗೆ ಹೋಗುವವರು ಬೆಳಗ್ಗೆಯೇ ಹೋಗಬೇಕು. ರೈತರು ತಂದ ಹಸಿ ಗೂಡನ್ನು ಸಾಲುಸಾಲಾಗಿ ಸುರಿದಿರುತ್ತಾರೆ, ಅದನ್ನು ಕೊಂಡು ನೂಲು ಬಿಚ್ಚಿಸುವ ರೀಲರುಗಳು ಒಂದೊಂದು ರಾಶಿಯಲ್ಲೂ ಕೈಯಾಡಿಸುತ್ತಾ ಬರುತ್ತಾರೆ. ಈಗ ಇ-ಹರಾಜು, ಹಾಗಾಗಿ ಕೂಗಾಟ ಕಡಿಮೆ. ಆದರೆ ಆ ಬೆರಳುಗಳನ್ನು ನೋಡಬೇಕು: ಗೂಡನ್ನು ಮೆಲ್ಲಗೆ ಒತ್ತಿ ಗಟ್ಟಿ ಇದೆಯೋ ಮೆತ್ತಗಿದೆಯೋ ನೋಡುತ್ತಾರೆ, ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಸದ್ದು ಕೇಳುತ್ತಾರೆ. ಬಿಳಿಯದು ಬೈವೋಲ್ಟೀನ್, ಅಂದರೆ ವರ್ಷಕ್ಕೆ ಎರಡು ಪೀಳಿಗೆ ಕಾಣುವ ತಳಿಯ ಗೂಡು. ಅದರ ಎಳೆ ಉದ್ದ, ಒಳ್ಳೆಯ ಗೂಡಿನಲ್ಲಿ 1000 ಮೀಟರ್ ದಾಟುತ್ತದೆ. ಹಳದಿಯದು ಮಿಶ್ರತಳಿ, ಇಲ್ಲಿನವರ ಬಾಯಲ್ಲಿ ಸಿಬಿ. ಎಳೆ ಅದಕ್ಕಿಂತ ಗಿಡ್ಡ. ತಂಗಿ ಬಿಳಿ ರಾಶಿಗಳ ಕಡೆ ತಿರುಗಿಯೂ ನೋಡಲಿಲ್ಲ.

ಕೇಳಿಕೊಂಡರೆ ನೂಲು ಬಿಚ್ಚುವ ಮನೆಯೊಳಕ್ಕೆ ಬಿಡುತ್ತಾರೆ. ನಮ್ಮನ್ನು ಬಿಟ್ಟ ಮನೆಯಲ್ಲಿ ಆವಿಯ ನಡುವೆ ಐದಾರು ಹೆಂಗಸರು ಬೇಸಿನ್ನುಗಳ ಮುಂದೆ ಕೂತಿದ್ದರು. ಗೂಡನ್ನು ಮೊದಲು ಕುದಿಯುವ ನೀರಿನಲ್ಲಿ ಬೇಯಿಸುತ್ತಾರೆ. ಹುಳ ಎಳೆಯನ್ನು ಸುತ್ತುವಾಗ ಜೊತೆಗೆ ಒಂದು ಅಂಟನ್ನೂ ಬಿಡುತ್ತದೆ, ಅದು ಸಡಿಲವಾದ ಮೇಲಷ್ಟೇ ಎಳೆಯ ತುದಿ ಸಿಗುವುದು. ಹಾಗೆ ಎಂಟು ಹತ್ತು ಗೂಡಿನ ತುದಿಗಳನ್ನು ಒಟ್ಟಿಗೆ ಹಿಡಿದು, ಗುಂಡಿಯಷ್ಟೇ ಇರುವ ಒಂದು ಬಿಲ್ಲೆಯ ಸಣ್ಣ ತೂತಿನಲ್ಲಿ ಪೋಣಿಸಿದರೆ ಎಲ್ಲ ಎಳೆ ಸೇರಿ ಒಂದೇ ನೂಲಾಗಿ ಮೇಲಿನ ರಾಟೆಗೆ ಏರುತ್ತದೆ. ಕೆಳಗೆ ನೀರಿನಲ್ಲಿ ಗೂಡುಗಳು ಕುಣಿಯುತ್ತಿರುತ್ತವೆ. ಒಂದು ಗೂಡು ಮುಗಿದರೆ ನೂಲು ಅಷ್ಟರಮಟ್ಟಿಗೆ ತೆಳ್ಳಗಾಗುತ್ತದೆ; ಆ ಕ್ಷಣಕ್ಕೆ ಇನ್ನೊಂದು ಗೂಡಿನ ತುದಿಯನ್ನು ಬೆರಳಿನಿಂದ ಚಿಮ್ಮಿಸಿ ಕೂಡಿಸಬೇಕು. ಕೂಡಿಸುವುದು ಕಣ್ಣಿಗೆ ಕಾಣುವುದೇ ಇಲ್ಲ. ಕಾಣುವುದು ಬೆರಳು ಮಾತ್ರ: ತುದಿ ಬೆಳ್ಳಗೆ ನೆನೆದು ಸುಕ್ಕುಗಟ್ಟಿ, ಉಗುರಿನ ಬುಡ ಒಡೆದಿರುತ್ತದೆ. ಕೈಗೆ ಒಂದೂ ಬಳೆ ಹಾಕದೆ ಕೂತಿದ್ದ ಆ ಹೆಂಗಸರ ಮುಂದೆ ತಂಗಿ ತನ್ನ ಕೈಯ ಡಜನ್ ಬಳೆಯನ್ನು ಸದ್ದಾಗದಂತೆ ಮೊಣಕೈಯ ಕಡೆಗೆ ಸರಿಸಿಕೊಂಡಳು.

ಗೋಡೆಯ ಮೊಳೆಗೆ ಲಡಿಗಳು ನೇತಾಡುತ್ತಿದ್ದವು. ಅದೇ ಹಳದಿ.

"ಅಮ್ಮಾ, ಇದ್ರಲ್ಲಿ ಒಂದು ಲಡಿ ನಂಗೆ ಕೊಡ್ತೀರಾ? ಸೀರೆಗೆ ಕುಚ್ಚು ಕಟ್ಟಕ್ಕೆ."

ಬೇಸಿನ್ನಿನ ಮುಂದಿದ್ದ ಹಿರಿಯಾಕೆ ತಲೆ ಎತ್ತದೆ ನಕ್ಕರು. "ಕುಚ್ಚಿಗಾ? ಮುಟ್ಟಿ ನೋಡಮ್ಮ ಮೊದ್ಲು."

ಮುಟ್ಟಿದಳು. ಒರಟು. ಕೂದಲಿಗೆ ಗಂಜಿ ಹಾಕಿ ಒಣಗಿಸಿದ ಹಾಗೆ.

"ರೇಷ್ಮೆ ಇಷ್ಟು ಒರಟಾ?"

"ಅಂಟು ಇರೋ ತನಕ ಹಂಗೇ. ಸೋಪು, ಸೋಡಾ ಹಾಕಿ ಬೇಯಿಸ್ಬೇಕು. ಆಮೇಲೆ ಬೆಣ್ಣೆ ಆಗ್ತದೆ."

"ಹಂಗಾದ್ರೆ ನಾವೇ ಮನೇಲಿ ಬೇಯಿಸ್ಕೊತೀವಿ."

"ಬೇಯಿಸ್ಕೊ. ಬೆಳ್ಳಗಾಗೋಗ್ತದೆ."

ತಂಗಿಗೆ ಅರ್ಥವಾಗಲಿಲ್ಲ. ನನಗೂ ಒಂದು ಗಳಿಗೆ ಆಗಲಿಲ್ಲ, ಇಷ್ಟು ವರ್ಷ ನೂಲು ಹಿಡಿದೂ.

"ಬಣ್ಣ ಎಲ್ಲಿ ಹೋಗುತ್ತೆ?"

"ಬಣ್ಣ ನೂಲಿಂದಲ್ಲ ತಾಯಿ, ಅಂಟಿಂದು. ಅಂಟು ಹೋದ್ರೆ ಅದೂ ಹೋಯ್ತು. ಆಮೇಲೆ ಬಣ್ಣದೋರು ನಿಂಗೆ ಬೇಕಾದ್ದು ಹಾಕ್ತಾರೆ, ಹಸಿರು ಅಂದ್ರೆ ಹಸಿರು, ಕೆಂಪು ಅಂದ್ರೆ ಕೆಂಪು."

"ಇದೇ ಹಳದಿ?"

"ಇದೇ ಬೇಕಾದ್ರೆ ಹಾಕ್ಸ್ಕೊಬೇಕು. ಹುಳ ಹಾಕಿದ್ದು ಉಳಿಯಲ್ಲ."

ನಿಜ. ಮಿಶ್ರತಳಿ ಗೂಡಿನ ಹಳದಿ ಬಹುಪಾಲು ಆ ಅಂಟಿನಲ್ಲೇ ಇರುವುದು. ಬೇಯಿಸಿ ಅಂಟು ತೆಗೆದಾಗ ತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಹೋಗುತ್ತದೆ, ಅದರ ಜೊತೆ ಬಣ್ಣವೂ. ಅಂಟು ಉಳಿಸಿಕೊಂಡೇ ಕುಚ್ಚು ಕಟ್ಟಿದರೆ ಪೊರಕೆಯ ಕಡ್ಡಿಯಂತೆ ಸೆಟೆದು ನಿಲ್ಲುತ್ತದೆ, ಸೆರಗಿನ ಜೊತೆ ಬೀಳುವುದಿಲ್ಲ. ಇನ್ನೊಂದು ತೊಡಕೂ ಇದೆ. ಇಲ್ಲಿ ತಯಾರಾಗುವುದು ಕಚ್ಚಾ ರೇಷ್ಮೆ. ಅದು ಕೆಜಿ ಲೆಕ್ಕದಲ್ಲಿ ವ್ಯಾಪಾರಕ್ಕೆ ಹೋಗಿ, ಹುರಿ ಕಾರ್ಖಾನೆ ಕಂಡು, ಬಣ್ಣದ ಮನೆ ಕಂಡು, ಮಗ್ಗ ಸೇರುತ್ತದೆ. ಒಂದು ಸೀರೆಯ ಕುಚ್ಚಿಗೆ ಆಗುವಷ್ಟು ನೂಲನ್ನು ಅಳೆದು ಕೊಡುವ ಅಂಗಡಿ ಈ ದಾರಿಯಲ್ಲಿ ಎಲ್ಲೂ ಬರುವುದಿಲ್ಲ.

ಹೊರಡುವಾಗ ಆಕೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ರಾಶಿಯಲ್ಲಿ ಹುಡುಕಿ ಹುಡುಕಿ, ಕಲೆಯಿಲ್ಲದ ಒಂದು ಗೂಡನ್ನು ತಂಗಿಯ ಅಂಗೈಗೆ ಇಟ್ಟರು. "ಇದನ್ನ ತೋರ್ಸಿ ನೂಲು ತಗೋ. ಒಳಗೆ ಹುಳ ಐತೆ, ಬಿಸಿಲಲ್ಲಿ ಚೆನ್ನಾಗಿ ಒಣಗ್ಸು. ಇಲ್ಲಾಂದ್ರೆ ಐದಾರು ದಿನಕ್ಕೆ ತೂತು ಮಾಡ್ಕೊಂಡು ಚಿಟ್ಟೆ ಬರ್ತದೆ."

ಮಧ್ಯಾಹ್ನ ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಬಂದೆವು. ಬಜಾರಿನ ಫ್ಯಾನ್ಸಿ ಸ್ಟೋರು, ಮ್ಯಾಚಿಂಗ್ ಸೆಂಟರುಗಳಲ್ಲಿ ಕುಚ್ಚಿನ ನೂಲಿನ ರೀಲುಗಳು ಗೋಡೆಯ ತುಂಬ. ಎಲ್ಲದಕ್ಕೂ 'ಸಿಲ್ಕ್ ಥ್ರೆಡ್' ಅಂತಲೇ ಹೆಸರು. ಕುಚ್ಚಿಗೂ ನೂಲಿನ ಬಳೆಗೂ ಹೀಗೆ ಸಿಗುವುದರಲ್ಲಿ ಹೆಚ್ಚಿನದು ರೇಯಾನ್, ಅಂದರೆ ಮರದ ತಿರುಳಿನಿಂದ ಮಾಡಿದ ಎಳೆ. ಅದರಲ್ಲಿ ತಪ್ಪೇನಿಲ್ಲ, ಹೊಳಪು ಚೆನ್ನ, ಬೆಲೆ ಕಡಿಮೆ, ಬಣ್ಣಗಳು ನೂರಾರು. ರೇಷ್ಮೆಯ ಬೆಲೆ ಹೇಳಿ ಅದನ್ನು ಕೊಟ್ಟರೆ ಮಾತ್ರ ಮೋಸ. ಗೊತ್ತುಮಾಡಿಕೊಳ್ಳಲು ಎರಡು ಇಂಚು ನೂಲು ಸಾಕು. ಅಂಗಡಿಯ ಹೊರಗೆ ಬಂದು ತುದಿಗೆ ಬೆಂಕಿ ಮುಟ್ಟಿಸಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೆಂಕಿ ತೆಗೆದರೆ ತಾನೇ ಆರುತ್ತದೆ, ಕರೀ ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ರೇಯಾನ್ ಕಾಗದದಂತೆ ಭಗ್ಗನೆ ಉರಿದು ಚಿಟಿಕೆ ಬೂದಿ ಬಿಡುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಸೀರೆ ಕೊಳ್ಳುವಾಗಲಾದರೆ 2004ರಿಂದ ಇರುವ ಸಿಲ್ಕ್ ಮಾರ್ಕ್ ಚೀಟಿ ಇದೆಯೇ ನೋಡಬಹುದು.

ನೂಲು ಕೊಳ್ಳುವಾಗ ಇನ್ನೊಂದು ಪರೀಕ್ಷೆಯನ್ನು ಯಾರೂ ಬಿಡಬಾರದು. ಹಿಂದೆ ಒಂದು ಅಂಗಡಿಯವರು "ಗಟ್ಟಿ ಬಣ್ಣ, ಏನೂ ಆಗಲ್ಲ" ಅಂತ ಕೊಟ್ಟ ಮೆರೂನ್ ನೂಲಿನಿಂದ ಕೆನೆ ಬಣ್ಣದ ಸೆರಗಿಗೆ ಕುಚ್ಚು ಕಟ್ಟಿದ್ದೆ. ಹಬೆ ಇಸ್ತ್ರಿ ತಾಗಿದ್ದೇ ಸೆರಗಿನ ಅಂಚಿನುದ್ದಕ್ಕೂ ಗುಲಾಬಿ ಚುಕ್ಕೆ ಕೂತಿತು, ಡ್ರೈ ಕ್ಲೀನಿಂಗಿಗೂ ಬಿಡಲಿಲ್ಲ. ಅದು ಇವತ್ತಿಗೂ ಹೊಟ್ಟೆ ಉರಿಸುತ್ತದೆ. ಆದ್ದರಿಂದ ಬಿಳಿ ಹತ್ತಿ ಬಟ್ಟೆಯ ತುಂಡನ್ನು ಒದ್ದೆ ಮಾಡಿ ಒಯ್ಯಿರಿ, ನೂಲನ್ನು ಅದರ ನಡುವೆ ಇಟ್ಟು ಒಂದು ನಿಮಿಷ ಬಿಗಿಯಾಗಿ ಹಿಸುಕಿ. ಕೆಂಪು, ಮೆರೂನ್, ಕಡುನೀಲಿಗಳನ್ನಂತೂ ಹೀಗೆ ನೋಡದೆ ತರಬೇಡಿ. ಬಟ್ಟೆಗೆ ಚೂರು ಬಣ್ಣ ಹತ್ತಿದರೂ ಆ ರೀಲು ತಿಳಿ ಬಣ್ಣದ ಸೀರೆಗೆ ಆಗದು.

ತಂಗಿ ಗೂಡನ್ನು ಗಾಜಿನ ಮೇಜಿನ ಮೇಲಿಟ್ಟು "ಅಣ್ಣಾ, ಈ ಬಣ್ಣ ಕೊಡಿ" ಅಂದಾಗ ಅಂಗಡಿಯವರು ಹಳದಿಯ ಡಬ್ಬವನ್ನೇ ಸುರಿದರು. ಟ್ಯೂಬ್‌ಲೈಟಿನಲ್ಲಿ ನಾಲ್ಕು ರೀಲು ಗೂಡಿಗೆ ಸರಿಹೊಂದಿದವು. ನಾಲ್ಕನ್ನೂ ಹಿಡಿದು ಬಾಗಿಲ ಹೊರಗೆ ಬಿಸಿಲಿಗೆ ಬಂದರೆ ಒಂದು ನಿಂಬೆಹಸಿರಾಯಿತು, ಇನ್ನೊಂದು ಕಿತ್ತಳೆಗೆ ತಿರುಗಿತು, ಮೂರನೆಯದು ಮಂಕಾಯಿತು. ಒಳಬೆಳಕಿನಲ್ಲಿ ಒಂದೇ ಅನ್ನಿಸುವ ಎರಡು ಬಣ್ಣ ಬಿಸಿಲಿನಲ್ಲಿ ಬೇರೆಯಾಗುವುದು ಸಾಮಾನ್ಯ, ಅದರಲ್ಲೂ ಹಳದಿಯಲ್ಲಿ. ಮದುವೆ ಬೆಳಗಿನ ಮುಹೂರ್ತದ್ದಾದರೆ ಬಿಸಿಲಿನ ತೀರ್ಪೇ ಕೊನೆ. ಸಂಜೆಯ ರಿಸೆಪ್ಷನ್ನಾದರೆ ಒಳಬೆಳಕಿನದು. ನಾಲ್ಕನೆಯ ರೀಲು ಬಿಸಿಲಿನಲ್ಲೂ ಗೂಡಿನ ಪಕ್ಕ ಗೂಡಾಗಿಯೇ ಉಳಿಯಿತು.

ಎಷ್ಟು ನೂಲು ಬೇಕು ಅನ್ನುವುದಕ್ಕೆ ಲೆಕ್ಕವಿದೆ. ಸೆರಗಿನ ಅಗಲ ಸುಮಾರು 46 ಇಂಚು. ಮುಕ್ಕಾಲು ಇಂಚಿಗೊಂದರಂತೆ ಕಟ್ಟಿದರೆ ಸುಮಾರು 60 ಕುಚ್ಚು. ಒಂದು ಕುಚ್ಚಿಗೆ 3 ಇಂಚು ಉದ್ದದ 40 ಎಳೆ. ನಡುವಿಗೆ ಮಡಚಿದರೆ ಒಂದೂವರೆ ಇಂಚಿನ ಕುಚ್ಚಾಗುತ್ತದೆ. ಅಲ್ಲಿಗೆ ಕುಚ್ಚಿಗೆ 3 ಮೀಟರ್, ಸೀರೆಗೆ 180 ಮೀಟರ್. ಕತ್ತರಿಸಿ ಸಮ ಮಾಡುವಾಗ ಹೋಗುವುದಕ್ಕೆ ಇನ್ನೂ 20 ಮೀಟರ್ ಸೇರಿಸಿ, ಒಂದೇ ಸಲ ಒಂದೇ ಬ್ಯಾಚಿನ ರೀಲು ತನ್ನಿ. ಸಾಲದೆ ಮತ್ತೆ ಹೋದರೆ ಅದೇ ನಂಬರಿನ ರೀಲೂ ಒಂದು ಕೂದಲಷ್ಟು ಬೇರೆ ಇರುತ್ತದೆ, ಅದು ಸೆರಗಿನ ನಟ್ಟನಡುವೆ ಕಾಣುತ್ತದೆ. ದಪ್ಪ ಮಣಿ ಪೋಣಿಸಿದ ಕ್ರೋಷಾ ಕುಚ್ಚು ಈಗ ಎಲ್ಲರಿಗೂ ಬೇಕು. ನನಗದು ಹಿಡಿಸದು: ಮೆದು ಸೀರೆಯ ಸೆರಗನ್ನು ಭಾರ ಎಳೆಯುತ್ತದೆ, ಭುಜದ ಪಿನ್ನಿನ ಹತ್ತಿರ ಬಟ್ಟೆ ಪಿಸಿಯುತ್ತದೆ, ಮಣಿ ಹೋಗಿ ಪಕ್ಕದವರ ಜಡೆಗೆ ಸಿಕ್ಕಿಕೊಳ್ಳುತ್ತದೆ. ತಂಗಿ ಇದನ್ನು ಒಪ್ಪುವುದಿಲ್ಲ. ಅವಳಿಗಾಗಿ ಐದು ಕುಚ್ಚಿಗೊಂದರಂತೆ ಸಾಸಿವೆಗಾತ್ರದ ಚಿನ್ನದ ಬಣ್ಣದ ಮಣಿ, ಅಷ್ಟಕ್ಕೆ ರಾಜಿಯಾಯಿತು.

ಬಳೆಯ ಅಂಗಡಿಯಲ್ಲಿ ಗಂಟೆ ಕಳೆಯಿತು. ಗಾಜಿನ ಬಳೆಯಲ್ಲಿ ಅವಳದು ಎರಡು-ನಾಲ್ಕು. ನೂಲು ಸುತ್ತಿದ ಬಳೆಯಲ್ಲೂ ಅದನ್ನೇ ಕೇಳಿದಳು, ಗೆಣ್ಣಿನ ಹತ್ತಿರ ನಿಂತುಬಿಟ್ಟಿತು. ಎರಡು-ನಾಲ್ಕು ಅಂದರೆ ಒಳವ್ಯಾಸ ಎರಡು ಇಂಚು ಮತ್ತು ಇಂಚಿನ ಹದಿನಾರರಲ್ಲಿ ನಾಲ್ಕು ಭಾಗ, ಅಂದರೆ ಎರಡೂಕಾಲು ಇಂಚು. ಎರಡು-ಎಂಟು ಅಂದರೆ ಎರಡೂವರೆ. ಒಂದೊಂದು ಅಳತೆಗೂ ವ್ಯಾಸದಲ್ಲಿ 3 ಮಿಲಿಮೀಟರ್ ವ್ಯತ್ಯಾಸ. ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ ಗೆಣ್ಣುಗಳ ಸುತ್ತ ಟೇಪು ಹಿಡಿಯಿರಿ: 18 ಸೆಂಟಿಮೀಟರ್ ಬಂದರೆ ಎರಡು-ನಾಲ್ಕು, 19ಕ್ಕೆ ಎರಡು-ಆರು, 20ಕ್ಕೆ ಎರಡು-ಎಂಟು. ಗಾಜಿನ ಬಳೆಯನ್ನು ಪಳಗಿದ ಬಳೆಗಾರರು ಕೈ ಹಿಸುಕಿ ಒಂದೊಂದಾಗಿ ಓರೆ ಮಾಡಿ ಏರಿಸುತ್ತಾರೆ, ಅದಕ್ಕೇ ಬಿಗಿಯಾದದ್ದೂ ಹೋಗುತ್ತದೆ. ಅಗಲದ ನೂಲಿನ ಬಳೆ ಓರೆಯಾಗುವುದಿಲ್ಲ, ಒಳಗಿನ ನೂಲೂ ಜಾಗ ತಿನ್ನುತ್ತದೆ. ಒಂದು ಅಳತೆ ದೊಡ್ಡದು ತೆಗೆದುಕೊಳ್ಳಲೇಬೇಕು. ಬಲವಂತವಾಗಿ ತೂರಿಸಿದರೆ ಒಳಗಿನ ನೂಲು ಜುಂಗಾಗಿ ಮೇಲೇಳುತ್ತದೆ. ಕೊಳ್ಳುವ ಮುಂಚೆ ಉಗುರಿನಿಂದ ಅಡ್ಡ ಸವರಿ ನೋಡಿ, ಎಳೆಗಳು ಒಂದರ ಮೇಲೊಂದು ಹತ್ತದೆ ಪಕ್ಕಪಕ್ಕ ಕೂತಿರಬೇಕು. ಗೋಂದು ಬೆಳ್ಳಗೆ ಇಣುಕುತ್ತಿದ್ದರೆ ಬಿಟ್ಟುಬಿಡಿ. ಸೆಂಟು ಹಾಕಿಕೊಂಡು ಒಣಗಿದ ಮೇಲೆ ಬಳೆ, ಬಳೆಯ ಮೇಲೆ ಸೆಂಟಲ್ಲ.

ಸೇವಂತಿಗೆ ಹೂವು ಎರಡು ಮಾರು ಕೊಂಡು ಸಂಜೆಯ ಬಸ್ಸು ಹತ್ತಿದೆವು.

ಗೂಡನ್ನು ತಂಗಿ ಬಿಸಿಲಿಗೆ ಇಡಲಿಲ್ಲ. ಕಾಗದ ಹಾಸಿದ ಸ್ಟೀಲ್ ಡಬ್ಬಿಯಲ್ಲಿಟ್ಟು ಮುಚ್ಚಳವನ್ನು ಓರೆ ಮಾಡಿಟ್ಟಳು. ಆರನೆಯ ಬೆಳಗ್ಗೆ ಒದ್ದೆ ರೆಕ್ಕೆಯ ಚಿಟ್ಟೆ ಗೂಡಿನ ಮೇಲೆ ಕೂತಿತ್ತು, ಕಾಗದದ ಮೇಲೆ ಕಂದು ಕಲೆ. ಬಟ್ಟೆಯ ಮೇಲೆ ಬಿದ್ದಿದ್ದರೆ ಆ ಕಲೆ ಹೋಗುತ್ತಿರಲಿಲ್ಲ, ಹಾಗಾಗಿ ಇಂಥ ಗೂಡನ್ನು ಸೀರೆಯ ಬೀರುವಿನಲ್ಲಿ ಇಡಲೇಬಾರದು. ಚಿಟ್ಟೆ ಏನನ್ನೂ ತಿನ್ನದೆ ಕೆಲವು ದಿನ ಇತ್ತು. ತೂತಾದ ಗೂಡು ನೂಲಿಗೆ ಬಾರದು, ಆದರೆ ಒಳಗೆ ಹುಳ ಇಲ್ಲದ್ದರಿಂದ ವಾಸನೆಯಿಲ್ಲ, ಇರುವೆ ಮುತ್ತುವುದಿಲ್ಲ. ಒಳಗೆ ಅಂಟಿದ್ದ ಒಣ ಸಿಪ್ಪೆಯನ್ನು ಚಿಮುಟದಿಂದ ತೆಗೆದು, ಚೂಪು ಕತ್ತರಿಯಲ್ಲಿ ನಡುವಿಗೆ ಎರಡು ಮಾಡಿದೆವು. ಎರಡು ಟೋಪಿ ಸಿಕ್ಕವು, ಒಂದರ ನೆತ್ತಿಯಲ್ಲಿ ಚಿಟ್ಟೆಯೇ ಮಾಡಿಟ್ಟ ತೂತು, ಇನ್ನೊಂದಕ್ಕೆ ಸೂಜಿ ಕಾಸಿ ಹಾಕಿದ್ದು. ಉಳಿದ ನೂಲಿನ ಎರಡು ಕುಚ್ಚು ಅವುಗಳ ಒಳಗೆ ಇಳಿಬಿಟ್ಟು ಕೊಕ್ಕೆ ಹಾಕಿದ ಮೇಲೆ, ಬಾಟಲ್ ಗ್ರೀನ್ ಸೀರೆಗೆ ಜುಮುಕಿ ಬೇರೆ ಹುಡುಕುವ ಕೆಲಸ ಇರಲಿಲ್ಲ.