ರಡ್ಡರ್ ಪೆಡಲ್ ರಿಪೇರಿ: ಬ್ಲಾಕ್ ಮುಗಿಯಿತು, ಲಗ್ ಮುಗಿಯಿತು, ಬೋಲ್ಟ್ ಬಾಕಿ

ಇಂಜಿನ್ ಮೌಂಟಿನ ರಬ್ಬರ್ ಕೆಲಸ ಆದ ಮೇಲೆ ಈಗ ರಡ್ಡರ್ ಪೆಡಲ್ ಸರದಿ, ಅಂದರೆ ಬಾಲದ ರಡ್ಡರನ್ನು (ವಿಮಾನದ ಮೂಗನ್ನು ಎಡ ಬಲ ತಿರುಗಿಸುವ ಹಲಗೆ) ಆಡಿಸುವ ಕಾಲಿನ ಪೆಡಲ್. ನಮ್ಮ ವಿಮಾನ ರೆಕ್ಕೆ ಬಿಚ್ಚಿಕೊಂಡು ತುಮಕೂರಿನ ಕ್ಯಾತ್ಸಂದ್ರದ ಹತ್ತಿರ ಶೆಡ್‌ನಲ್ಲೇ ನಿಂತಿದೆ. ಹಾಗಾಗಿ ಅವಸರ ಇಲ್ಲ.

ತೊಂದರೆ ಇಷ್ಟು: ಪೆಡಲ್ ಒತ್ತಿದರೆ ಮೊದಲ ಒಂದು ಬೆರಳಗಲ ಏನೂ ಆಗಲ್ಲ, ಆಮೇಲೆ ರಡ್ಡರ್ ತಿರುಗುತ್ತದೆ. ನೆಲದ ಮೇಲೆ ಓಡಿಸುವಾಗ ಮೂಗಿನ ಚಕ್ರ ಸುಮ್ನೆ ಅತ್ತಿತ್ತ ಆಡುತ್ತದೆ. ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: "ಟರ್ನ್‌ಬಕಲ್ ಎರಡು ಸುತ್ತು ಬಿಗಿ ಮಾಡಿ, ಸರಿ ಹೋಗುತ್ತೆ."

ಟರ್ನ್‌ಬಕಲ್ ಅಂದರೆ ಕೇಬಲ್ ಬಿಗಿ ಮಾಡುವ ತಿರುಪು. ಅದರಿಂದ ಸರಿ ಹೋಗಲ್ಲ. ನಮ್ಮ ವಿಮಾನದಲ್ಲಿ ಪೆಡಲ್‌ನಿಂದ ಹಿಂದಕ್ಕೆ ಕೇಬಲ್ ರಡ್ಡರ್‌ಗೆ ಹೋಗುತ್ತದೆ, ಮುಂದಕ್ಕೆ ಪುಶ್ ರಾಡ್ ಮೂಗಿನ ಚಕ್ರಕ್ಕೆ ಹೋಗುತ್ತದೆ. ಎಲ್ಲಾ ಒಂದಕ್ಕೊಂದು ಕಟ್ಟಿಕೊಂಡಿವೆ. ಕೇಬಲ್ ಬಿಗಿ ಮಾಡಿದರೆ ಪೆಡಲಿನ ಪೈಪ್ ಹಿಂದಕ್ಕೆ ಎಳೆದುಕೊಂಡು, ಅದನ್ನು ಹಿಡಿದಿರುವ ಪ್ಲಾಸ್ಟಿಕ್ ಬ್ಲಾಕಿಗೆ ಒತ್ತಿ ಕೂರುತ್ತದೆ. ಪ್ಲೇ (ಜಾಯಿಂಟಿನ ಸಡಿಲ) ಅಡಗುತ್ತದೆ, ಹೋಗುವುದಿಲ್ಲ. ಮೇಲಿಂದ ಆ ಒತ್ತಡಕ್ಕೆ ಬ್ಲಾಕ್ ಇನ್ನೂ ಬೇಗ ಸವೆಯುತ್ತದೆ. ಪೆಡಲ್ ಬೇರೆ ಗಟ್ಟಿಯಾಗುತ್ತದೆ. ಮೊದಲು ಪ್ಲೇ ಎಲ್ಲಿದೆ ಅಂತ ಹುಡುಕಬೇಕು.

ಅದಕ್ಕೆ ಯಾವ ಮೀಟರೂ ಬೇಡ. ರಡ್ಡರ್‌ಗೆ ಎರಡೂ ಕಡೆ ಮರದ ಪಟ್ಟಿ ಕೊಟ್ಟು ಅಲ್ಲಾಡದಂತೆ ಕ್ಲ್ಯಾಂಪ್ ಮಾಡಿದೆವು. ಪಟ್ಟಿಗೆ ಹಳೇ ಕಂಬಳಿ ಸುತ್ತಿದ್ದೆವು, ಇಲ್ಲದಿದ್ದರೆ ತಗಡು ನೆಗ್ಗುತ್ತದೆ. ಭಾವ ಪೆಡಲ್ ಹಿಡಿದು ಕೈಯಲ್ಲೇ ಮೆಲ್ಲಗೆ ಹಿಂದೆ ಮುಂದೆ ಆಡಿಸಿದರು. ನಾನು ಟಾರ್ಚ್ ಹಿಡಿದು ಒಳಗೆ ತೂರಿಕೊಂಡು ಒಂದೊಂದು ಜಾಯಿಂಟಿನ ಮೇಲೂ ಬೆರಳಿಟ್ಟೆ. ಅರ್ಧ ಬೆರಳು ಈ ತುಂಡಿನ ಮೇಲೆ, ಅರ್ಧ ಆ ತುಂಡಿನ ಮೇಲೆ. ಎರಡೂ ಒಟ್ಟಿಗೆ ಸರಿದರೆ ಜಾಯಿಂಟ್ ಚೆನ್ನಾಗಿದೆ. ಒಂದು ಮೊದಲು ಹೋಗಿ ಇನ್ನೊಂದು ತಡವಾಗಿ ಬಂದರೆ ಪ್ಲೇ ಅಲ್ಲೇ ಇದೆ. ಕಣ್ಣಿಗೆ ಕಾಣದ ಕಾಲು ಮಿಲಿಮೀಟರ್ ಕೂಡ ಬೆರಳಿಗೆ ಗೊತ್ತಾಗುತ್ತದೆ.

ಸಿಕ್ಕಿದ್ದು ಎರಡು ಜಾಗ. ಪೈಪ್ ತಿರುಗುವ ಪ್ಲಾಸ್ಟಿಕ್ ಬ್ಲಾಕ್‌ಗಳು, ಮತ್ತೆ ಎಡ ಪೆಡಲ್‌ನಲ್ಲಿ ಕೇಬಲ್ ಹಿಡಿಯುವ ಲಗ್ (ತೂತಿರುವ ಉಕ್ಕಿನ ಕಿವಿ). ಕೇಬಲ್‌ನಲ್ಲಿ ಏನೂ ಇಲ್ಲ.

ಬ್ಲಾಕ್ ಬಿಚ್ಚಿದಾಗ ತೂತು ಮೊಟ್ಟೆ ಆಕಾರಕ್ಕೆ ತಿರುಗಿತ್ತು. ಒಳಗೆ ಹಳೇ ಗ್ರೀಸ್, ಅದರ ತುಂಬಾ ನಮ್ಮ ಕೆಮ್ಮಣ್ಣಿನ ಧೂಳು. ಗ್ರೀಸೂ ಧೂಳೂ ಸೇರಿದರೆ ಅದು ಗ್ರೈಂಡಿಂಗ್ ಪೇಸ್ಟೇ. ಮರಳಿನ ಕಣ ಮೆತ್ತನೆಯ ಪ್ಲಾಸ್ಟಿಕ್‌ನಲ್ಲಿ ನಾಟಿಕೊಂಡು ಉಕ್ಕನ್ನೂ ತಿನ್ನುತ್ತದೆ. ಪುಣ್ಯಕ್ಕೆ 25.4 ಮಿ.ಮೀ. ಪೈಪ್ ಒಂದು ಕಡೆ ಕನ್ನಡಿಯಂತೆ ಹೊಳಪು ಬಂದಿತ್ತು ಅಷ್ಟೇ. ಮೈಕ್ರೋಮೀಟರ್‌ನಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ.

ಹೊಸ ಬ್ಲಾಕಿಗೆ ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಒಂದು ಲೇಥ್ ಅಂಗಡಿಗೆ ಹೋದೆ. ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆದ ಮೇಲೆ ಇಲ್ಲಿ ವಿಮಾನ ಅಂದರೆ ಯಾರೂ ನಗುವುದಿಲ್ಲ. "ಎಚ್‌ಎಎಲ್ ಕೆಲಸನಾ ಸಾರ್?" ಅಂತ ಕೇಳುತ್ತಾರೆ. ಅಲ್ಲ ಅಂದರೆ ಸ್ವಲ್ಪ ಬೇಜಾರಾಗುತ್ತದೆ ಅವರಿಗೆ.

"ನೈಲಾನ್ ರಾಡ್ ಇಲ್ಲೇ ಇದೆ, ಅದರಲ್ಲೇ ಮಾಡ್ಕೊಡ್ತೀನಿ" ಅಂದರು. "ಬೇಡಣ್ಣ" ಅಂದೆ. ನೈಲಾನ್ ನೀರು ಹೀರುತ್ತದೆ. ಬೇಸಿಗೆಯಲ್ಲಿ ಸರಿಯಾಗಿ ಕೂತ ಬ್ಲಾಕ್ ಮಳೆಗಾಲಕ್ಕೆ ಊದಿಕೊಂಡು ಪೈಪನ್ನೇ ಹಿಡಿದುಬಿಡುತ್ತದೆ. ಬೇಕಾದದ್ದು ಯುಎಚ್‌ಎಂಡಬ್ಲ್ಯು ಪಾಲಿಎಥಿಲೀನ್ ಅನ್ನುವ ಗಟ್ಟಿ ಪ್ಲಾಸ್ಟಿಕ್. ಅದಕ್ಕೆ ನೀರಿನ ಚಿಂತೆ ಇಲ್ಲ, ಎಣ್ಣೆ ಇಲ್ಲದೆಯೂ ನುಣ್ಣಗೆ ಜಾರುತ್ತದೆ. ಆದರೆ ಬಿಸಿಗೆ ಉಕ್ಕಿಗಿಂತ ಹತ್ತು ಪಟ್ಟಿಗೂ ಜಾಸ್ತಿ ಹಿಗ್ಗುತ್ತದೆ. ಅದಕ್ಕೇ ಬೋರ್ (ಒಳತೂತು) ಪೈಪಿಗಿಂತ ಸ್ವಲ್ಪ ದೊಡ್ಡದಾಗಿ 25.6 ಮಿ.ಮೀ.ಗೆ ಹೇಳಿದೆ. ಬ್ಲಾಕ್ ಎರಡು ಹೋಳು. ಎರಡನ್ನೂ ಜೋಡಿಸಿ, ಬೋಲ್ಟ್ ಹಾಕಿ, ಆಮೇಲೆ ಬೋರ್ ಮಾಡಿಸಿದೆ. ಬೇರೆ ಬೇರೆ ಕೊರೆದರೆ ತೂತು ಎಂದೂ ದುಂಡಗೆ ಬರುವುದಿಲ್ಲ. ಟೂಲ್ ಹರಿತ ಇರಬೇಕು, ಇಲ್ಲದಿದ್ದರೆ ಈ ಪ್ಲಾಸ್ಟಿಕ್ ಕತ್ತರಿಸದೆ ಹಿಂಜಿಕೊಳ್ಳುತ್ತದೆ. ಹಳೇ ಹೋಳುಗಳ ಮುಖ ಉಜ್ಜಿ ಮತ್ತೆ ಬಿಗಿ ಮಾಡುವವರೂ ಇದ್ದಾರೆ. ತೂತು ಮೊಟ್ಟೆಯಾಗೇ ಇರುತ್ತದೆ, ನನಗೆ ಒಪ್ಪಿಗೆ ಇಲ್ಲ. ಹೊಸದಕ್ಕೆ ಗ್ರೀಸ್ ಹಾಕಿಲ್ಲ.

ಲಗ್ ಕೆಲಸ ನಿಜವಾಗಿ ತಲೆ ತಿಂದಿತು. ಎಎನ್3 (ವಿಮಾನಕ್ಕೆಂದೇ ಇರುವ ಅಳತೆ) ಬೋಲ್ಟಿನ ತೂತು 4.76 ಮಿ.ಮೀ. ಇರಬೇಕು. ಎಳೆತದ ದಿಕ್ಕಿನಲ್ಲಿ 5.4 ಆಗಿತ್ತು. ಹೊರವ್ಯಾಸ 8 ಮಿ.ಮೀ. ಇರುವ ಬುಷ್ (ತೂತಿನೊಳಗೆ ಕೂರುವ ಲೋಹದ ಕೊಳವೆ) ಹಾಕೋಣ ಅಂದರೆ, ತೂತಿನ ಮಧ್ಯದಿಂದ ಅಂಚಿಗೆ ಇರುವುದು 9.5 ಮಾತ್ರ. ತೂತಿನ ವ್ಯಾಸದ ಎರಡರಷ್ಟು ಅಂಚು ಬಿಡಬೇಕು ಅನ್ನುವುದು ವಿಮಾನದ ಕೆಲಸದ ಸಾಮಾನ್ಯ ಲೆಕ್ಕ. ಇಲ್ಲಿ ಒಂದೂಕಾಲು ಪಟ್ಟೂ ಇಲ್ಲ. ಹಾಗಾಗಿ ಲಗ್ ಕತ್ತರಿಸಿ ಹೊಸದು ಹಾಕುವುದೇ ಸರಿ ಅನ್ನಿಸಿತು. ಕತ್ತರಿಸುವ ಮೊದಲು ಹಳೇ ತೂತಿಗೆ ಪಿನ್ ಹಾಕಿ, ಅದರ ಜಾಗ ಹಿಡಿದಿಡುವ ಜಿಗ್ ಮಾಡಿಕೊಂಡೆವು. ತೂತಿನ ಜಾಗ ಸರಿದರೆ ಎಡ ಬಲ ಪೆಡಲ್ ಬೇರೆ ಬೇರೆ ತಿರುಗುತ್ತವೆ. ಹೊಸ ಲಗ್ 4130 ಅನ್ನುವ ಮಿಶ್ರಲೋಹದ ಉಕ್ಕಿನದು, ಅಂಚು 16 ಮಿ.ಮೀ. ಬಿಟ್ಟಿದ್ದೇವೆ.

ಟಿಗ್ ವೆಲ್ಡಿಂಗ್‌ಗೆ ಕೂತಾಗ ಮೊದಲು ಫ್ಯಾನ್ ಆರಿಸಲು ಹೇಳಿದೆ. "ಫ್ಯಾನಿಗೂ ಪೆಡಲಿಗೂ ಏನ್ ಸಂಬಂಧ ಸಾರ್?" ಅಂದರು ವೆಲ್ಡರ್. ಗಾಳಿಗೆ ಬೆಸುಗೆಯನ್ನು ಕಾಯುವ ಆರ್ಗಾನ್ ಅನಿಲ ಚದುರುತ್ತದೆ. ಅದಕ್ಕಿಂತ ಮುಖ್ಯವಾಗಿ 4130 ಬೇಗ ತಣ್ಣಗಾದರೆ ಬೆಸುಗೆಯ ಪಕ್ಕದಲ್ಲಿ ಗಡುಸಾಗಿ ಬಿರುಕು ಬಿಡುತ್ತದೆ. ನೀರಿಗೆ ಅದ್ದುವುದಂತೂ ಬೇಡವೇ ಬೇಡ. ಬೆವರು ಸುರಿಸಿಕೊಂಡೇ ಹಾಕಿಕೊಟ್ಟರು, ಬೆಸುಗೆ ಸೊಗಸಾಗಿದೆ. ಹೊಸ ಲಗ್‌ನಲ್ಲಿ ಬ್ರಾಂಜ್ ಬುಷ್ ಕೂರಿಸಿದ್ದು ಎಲ್ಲಾ ತಣ್ಣಗಾದ ಮೇಲೆ. ಬ್ರಾಂಜ್ ಇಟ್ಟುಕೊಂಡು ಬೆಸುಗೆ ಹಾಕಿದರೆ ಅದರ ತಾಮ್ರ ಕಾದ ಉಕ್ಕಿನೊಳಗೆ ಇಳಿದು ಬಿರುಕು ತರುತ್ತದೆ. ಪ್ರೆಸ್ ಮಾಡಿದ ಮೇಲೆ ರೀಮರ್ ಹಾಕಿ ಒಳಗಿನ ಅಳತೆ ತಂದೆವು. ಇನ್ನು ಮುಂದೆ ಸವೆದರೆ ಬುಷ್ ಸವೆಯಲಿ, ತೆಗೆದು ಬೇರೆ ಹಾಕಿದರಾಯಿತು.

ಬೋಲ್ಟ್ ವಿಷಯ. ಮೊದಲು ಅಲ್ಲಿ ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇರುವುದು) ಇತ್ತು. ತಿರುಗುವ ಜಾಯಿಂಟಿಗೆ ಅದು ಸಲ್ಲದು. ತೂತಿರುವ ಬೋಲ್ಟ್, ಕ್ಯಾಸಲ್ ನಟ್ (ತಲೆಯಲ್ಲಿ ಸೀಳುಗಳಿರುವ ನಟ್), ಅದರಲ್ಲಿ ತೂರಿಸುವ ಸ್ಪ್ಲಿಟ್ ಪಿನ್ ಬೇಕು. ಎಎನ್ ಬೋಲ್ಟ್ ನಂಬರಿನ ಕೊನೆಗೆ ಎ ಅಕ್ಷರ ಇದ್ದರೆ ಪಿನ್ ತೂತು ಇಲ್ಲ ಅಂತ ಅರ್ಥ, ಆರ್ಡರ್ ಮಾಡುವಾಗ ನೋಡಿಕೊಳ್ಳಿ. ಬುಷ್ ಒಳಗೆ ಬರುವುದು ನುಣುಪಾದ ಶ್ಯಾಂಕ್ ಆಗಿರಬೇಕು, ಥ್ರೆಡ್ ಅಲ್ಲ. ಥ್ರೆಡ್ ಬಂದರೆ ಅರದಂತೆ ತಿನ್ನುತ್ತದೆ. ಹಾರ್ಡ್‌ವೇರ್ ಅಂಗಡಿಯ ಎಂ5 ಬೋಲ್ಟ್ ಬಹಳಷ್ಟು ತಲೆಯವರೆಗೂ ಥ್ರೆಡ್ಡೇ, ಅಲ್ವಾ? ಅಳತೆಯೂ ಬೇರೆ.

ಸರಿಯಾದ ಬೋಲ್ಟ್ ಹೊರಗಿನಿಂದ ಬರಬೇಕು, ಇನ್ನೂ ದಾರಿಯಲ್ಲಿದೆ. ಅದು ಬಂದ ಮೇಲೆ ಕೇಬಲ್ ಹಾಕಿ ಟೆನ್ಷನ್ ನೋಡಬೇಕು, ಟರ್ನ್‌ಬಕಲ್‌ಗೆ ಲಾಕಿಂಗ್ ವೈರ್ ಕಟ್ಟಬೇಕು. ಬಲ ಪೆಡಲ್ ಒತ್ತಿದರೆ ರಡ್ಡರ್ ಬಲಕ್ಕೇ ಹೋಗುತ್ತದಾ ಅಂತ ಪರಿಚಯದ ಎಎಂಇ (ವಿಮಾನ ನಿರ್ವಹಣಾ ಇಂಜಿನಿಯರ್) ಒಬ್ಬರು ಬಂದು ಬೇರೆಯಾಗಿ ನೋಡಿ ಲಾಗ್‌ಬುಕ್‌ನಲ್ಲಿ ಸಹಿ ಹಾಕುತ್ತಾರೆ. ಅಲ್ಲಿಯವರೆಗೆ ಬ್ರೇಕ್ ಸಿಲಿಂಡರ್‌ಗಳ ಸೀಲ್ ಬಿಚ್ಚಿ ನೋಡುವ ಕೆಲಸ ಹಿಡಿಯುತ್ತೇನೆ.